ಕಾರಿನ ಗಾಜು ಒಡೆದಾಗ
ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಹುಡುಗರ ಕ್ರಿಕೆಟ್ ಚೆಂಡಿಗೆ ಕಾರಿನ ಹಿಂಬಾಗಿಲ ಗಾಜು ಒಡೆಯುವುದು ಹೊಸದೇನಲ್ಲ. 'ಇನ್ಶೂರೆನ್ಸ್ ಇದ್ಯಲ್ಲ' ಎಂದು ಯಜಮಾನರು ಹೊರಡುವ ಮೊದಲು ಸ್ವಲ್ಪ ತಡೆಯಿರಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಒಂದು ಪೈಸೆಯೂ ಸಿಗದು. ಸಮಗ್ರ ಪಾಲಿಸಿಯಲ್ಲಿ ಸಿಗುತ್ತೆ, ಆದರೆ ಇದೊಂದು ಕ್ಲೇಮಿಗೇ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅದು ಶೇ. 50ರ ರಿಯಾಯಿತಿ! ಗ್ಯಾರೇಜಿನವರ ಅಂದಾಜನ್ನು ಅದರ ಜತೆ ತೂಗಿ ನೋಡಿ.

ಈ ಗಾಜು ಟಫನ್ಡ್. ಕಲ್ಲುಸಕ್ಕರೆ ಹಾಗೆ ಚೂರುಚೂರಾಗಿ ಸೀಟಿನ ಸಂದಿಗೆ, ಬಾಗಿಲ ಹೊಟ್ಟೆಗೆ ಇಳಿದಿರುತ್ತೆ. ಹಿಂದೆ ಕೂರುವವರು ಮಕ್ಕಳು. ಡೋರ್ ಪ್ಯಾಡ್ ಬಿಚ್ಚಿಸಿ, ವ್ಯಾಕ್ಯೂಮ್ ಹಿಡಿಸಿಯೇ ಹೊಸದನ್ನು ಹಾಕಿಸಿ. ದುಡ್ಡು ಕೊಡುವ ಮುನ್ನ ಗಾಜನ್ನು ನಾಲ್ಕು ಸಲ ಏರಿಸಿ, ಇಳಿಸಿ. ಕರಕರ ಅಂದರೆ ಇನ್ನೊಮ್ಮೆ ಬಿಚ್ಚಿಸಿ.