ಪರೀಕ್ಷೆಗೂ ಕೂಲಿ ಸಲ್ಲಲಿ

ವಾಶಿಯ ಮಾರುಕಟ್ಟೆಯಿಂದ ಡೊಂಬಿವಲಿ, ಕಲ್ಯಾಣಗಳಿಗೆ ತರಕಾರಿ ಹೇರಿಕೊಂಡು ಹೊರಟ ಪಿಕಪ್ ಗಾಡಿ ದಾರಿಯಲ್ಲಿ ಮಿಸ್ಸಿಂಗ್ ಹೊಡೆಯತೊಡಗಿದರೆ ಚಾಲಕನ ಅಂದಿನ ದುಡಿಮೆಗೇ ಸಂಚಕಾರ. ಗ್ಯಾರೇಜಿನಲ್ಲಿ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವುದು ದುರಸ್ತಿಯಲ್ಲ, ಬರಿಯ ಊಹೆ. ಆ ಊಹೆಯ ಬೆಲೆಯನ್ನು ಚಾಲಕನೇಕೆ ತೆರಬೇಕು?

ಸಿಎನ್‌ಜಿ ಗಾಡಿಯ ಸ್ಕ್ಯಾನರಿನಲ್ಲಿ ಪಿ0302 ಎಂದು ಬಂದರೆ ಎರಡನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲವೆಂದರ್ಥ. ಕಾರಣವನ್ನು ಅದು ಹೇಳದು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇದ್ದಲ್ಲಿ ಒಂದು ಮತ್ತು ಎರಡನೆಯವನ್ನು ಅದಲುಬದಲು ಮಾಡಿ ನೋಡಬೇಕು. ದೋಷ ಒಂದನೆಯದಕ್ಕೆ ಹೋದರೆ ಕಾಯಿಲೇ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಬಳಿಕ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ನೋಡಬೇಕು. ಡೀಸೆಲ್ ಕಾಮನ್ ರೈಲ್ ಗಾಡಿಯಲ್ಲಂತೂ ಹಳೆಯ ರೂಢಿಯಂತೆ ಇಂಜಿನ್ ಓಡುವಾಗ ಪೈಪಿನ ನಟ್ ಸಡಿಲಿಸುವುದು ಸರ್ವಥಾ ಕೂಡದು. 1000 ಬಾರ್ ಮೀರಬಲ್ಲ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ತಪ್ಪು ಮೇಸ್ತ್ರಿಯೊಬ್ಬನದೇ ಅಲ್ಲ. ಹೊಸ ಸಾಮಾನಿಗೆ ಹಣ ಕೊಡುವ ನಾವು ಪರೀಕ್ಷೆಗೆ ಮಾತ್ರ ಕೂಲಿ ಕೊಡಲೊಲ್ಲೆವು. ಅವನೂ ನಮ್ಮಂತೆ ಕಾರ್ಮಿಕನೇ ಅಲ್ಲವೆ? ಬಂಧುಗಳೇ, ಅವನ ಬುದ್ಧಿಗೆ ಕೂಲಿ ಕೊಡೋಣ. ಬದಲಿಸಿದ ಹಳೆಯ ಭಾಗವನ್ನು ತಪ್ಪದೆ ಕೇಳಿ ಪಡೆಯೋಣ.