ಗೂಡಿನ ಪೆಟ್ಟಿಗೆಯೂ ಅಹಿಂಸಾಣುವ್ರತವೂ

ಶ್ರಾವಕಾಚಾರದ ಚರ್ಚೆಯು ಇಂದು ಬಹುಮಟ್ಟಿಗೆ ಅಡುಗೆಮನೆಯಲ್ಲಿ ಆರಂಭವಾಗಿ ಅಡುಗೆಮನೆಯಲ್ಲಿಯೇ ಮುಗಿಯುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟವಾಯಿತೆ, ನೀರನ್ನು ಸೋಸಲಾಯಿತೆ, ಕಂದಮೂಲಗಳನ್ನು ಬಿಡಲಾಯಿತೆ ಎಂಬಷ್ಟಕ್ಕೆ ಅಹಿಂಸೆಯ ಲೆಕ್ಕ ಚುಕ್ತಾ ಆದಂತೆ ಭಾವಿಸಲಾಗುತ್ತದೆ. ಈ ನಿಯಮಗಳು ಸಣ್ಣವಲ್ಲ. ಆದರೆ ಅಡುಗೆಮನೆಯ ಹಿಂಬಾಗಿಲನ್ನು ತೆರೆದರೆ ಹಿತ್ತಲಿದೆ, ಹಿತ್ತಲಿನಲ್ಲಿ ಐದು ಇಂದ್ರಿಯಗಳುಳ್ಳ ಜೀವವೊಂದು ಮೊಟ್ಟೆಯಿಡಲು ಕತ್ತಲೆಯ ಮೂಲೆಯನ್ನು ಹುಡುಕುತ್ತ ಅಲೆಯುತ್ತಿದೆ. ಅದರ ವಿಚಾರ ಬಂದಾಗ ಮಾತ್ರ ‘ನಾವು ಮೊಟ್ಟೆ ತಿನ್ನುವವರಲ್ಲ’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಪ್ರಶ್ನೆ ಕೋಳಿಯದು, ಉತ್ತರ ತಟ್ಟೆಯದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬಿಳಿಕೆರೆಯ ಬಳಿಯ ಗೊಮ್ಮಟಗಿರಿಯಲ್ಲಿ ಬಾಹುಬಲಿ ಸ್ವಾಮಿ ನಿಂತಿರುವ ನಾಡು ಇದು. ಚಿಕ್ಕಹನಸೋಗೆಯ ತ್ರಿಕೂಟ ಬಸದಿ ಇರುವ ನಾಡು. ಹದಿನಾರನೆಯ ಶತಮಾನದಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನು ಬರೆದ ಮೂರನೆಯ ಮಂಗರಸನ ಕಲ್ಲಹಳ್ಳಿಯೂ ಈ ಭಾಗದ್ದೇ. ಇದೇ ನಾಡಿನ ಹೊಗೆಸೊಪ್ಪಿನ ಬ್ಯಾರನ್ನುಗಳ ಮಗ್ಗುಲಲ್ಲಿ, ಭತ್ತದ ಗದ್ದೆಯ ಅಂಚಿನ ಮನೆಗಳಲ್ಲಿ, ಕೋಟೆಯ ಕಾಡಂಚಿನ ಹಾಡಿಗಳಲ್ಲಿ ನಾಲ್ಕಾರು ಹೇಂಟೆಗಳಿಲ್ಲದ ಹಿತ್ತಲನ್ನು ಹುಡುಕುವುದು ಕಷ್ಟ. ಜೈನ ಗೃಹಸ್ಥನು ಸ್ವತಃ ಕೋಳಿ ಸಾಕುವುದಿಲ್ಲ, ನಿಜ. ಆದರೆ ಆತನ ತೋಟ ಕಾಯುವವನ ಮನೆಯಲ್ಲಿ, ಜಮೀನನ್ನು ಗುತ್ತಿಗೆಗೆ ಹಿಡಿದವನ ಕೊಟ್ಟಿಗೆಯಲ್ಲಿ ಕೋಳಿ ಇರುತ್ತದೆ. ನೆಲ ಯಾರದೋ ಅವನ ಕಣ್ಣಳತೆಯಲ್ಲಿಯೇ ಆ ಜೀವದ ಬಾಳು ನಡೆಯುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿದೆ. ಪೇಟೆಯಿಂದ ಬಂದು ತೋಟದ ಮನೆ ಕಟ್ಟಿಸುವ ಸುಶಿಕ್ಷಿತರಲ್ಲಿ ‘ಹಿತ್ತಲ ಕೋಳಿ’ ಒಂದು ಹವ್ಯಾಸವಾಗಿದೆ. ಅಂದವಾದ ಗೂಡು, ಮರದ ಏಣಿ, ಬಣ್ಣ ಬಳಿದ ಮೊಟ್ಟೆಪೆಟ್ಟಿಗೆ ಎಲ್ಲವೂ ಸಿದ್ಧವಾಗಿಯೇ ದೊರೆಯುತ್ತವೆ. ಅದನ್ನು ಕಂಡ ಕೆಲವು ಜೈನ ಯುವಕರ ಬಾಯಲ್ಲಿ ಒಂದು ವಾದ ಮೂಡತೊಡಗಿದೆ: ಹುಂಜವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿಯಿಲ್ಲ, ಕೋಳಿಯನ್ನು ಮೆತ್ತನೆಯ ಪೆಟ್ಟಿಗೆಯಲ್ಲಿ ಸುಖವಾಗಿ ಇರಿಸಲಾಗಿದೆ, ಹಾಗಿರಲು ದೋಷವೆಲ್ಲಿ? ‘ಸಸ್ಯಾಹಾರಿ ಮೊಟ್ಟೆ’ ಎಂಬ ಹಳೆಯ ವ್ಯಾಪಾರೀ ಪದಕ್ಕೆ ಈಗ ‘ಅಹಿಂಸಾ ಮೊಟ್ಟೆ’ ಎಂಬ ಹೊಸ ಹೊದಿಕೆ. ಸಸ್ಯಕ್ಕೆ ಬಿಡದ ಮೊಟ್ಟೆ ಸಸ್ಯಾಹಾರವಾದದ್ದು ಹೇಗೆಂದು ಕೇಳುವವರಿಲ್ಲ.

ಈ ವಾದಕ್ಕೆ ಉತ್ತರ ಹೇಳಲು ಹೊಸ ಗ್ರಂಥ ಬೇಕಿಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಜೈನ ಮನೆಗಳ ಮಕ್ಕಳಿಗೂ ಗೊತ್ತು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿರುವ ಕೋಳಿಯನ್ನು ಕೊಲ್ಲಲೊಪ್ಪದೆ ಹಿಟ್ಟಿನ ಹುಂಜವನ್ನು ಬಲಿಗೊಟ್ಟನು. ಅದರಲ್ಲಿ ರಕ್ತವಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತಿರ್ಯಗ್ಗತಿಯಲ್ಲಿ ತೊಳಲಿದರು. ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶ ಕೇಳಿ ಹಿಂದಿನ ಜನ್ಮಗಳನ್ನು ನೆನೆದು ಹರ್ಷದಿಂದ ಕೂಗಿದಾಗ ಅರಸನ ಬಾಣಕ್ಕೆ ಗುರಿಯಾದರು. ಹಿಟ್ಟಿನ ಹುಂಜಕ್ಕೂ ಜೀವವಿರಲಿಲ್ಲ ಎಂಬ ಸಮಾಧಾನವು ಅಲ್ಲಿ ನಡೆಯದಿದ್ದರೆ, ಮೊಟ್ಟೆಯೊಳಗೆ ಮರಿಯಿಲ್ಲವೆಂಬ ಸಮಾಧಾನವು ಇಲ್ಲಿ ನಡೆಯುವುದು ಹೇಗೆ? ವಿಚಾರಿಸಬೇಕಾದುದು ಮೊಟ್ಟೆಯ ಒಳಗನ್ನಲ್ಲ, ಅದನ್ನು ಇಟ್ಟವಳ ಬಾಳನ್ನು.

ಆ ಬಾಳನ್ನು ಅಳೆಯುವ ಅಳತೆಗೋಲು ಆಗಮದಲ್ಲಿಯೇ ಇದೆ. ದಿಗಂಬರರು ಉಮಾಸ್ವಾಮಿಯೆಂದೂ ಶ್ವೇತಾಂಬರರು ಉಮಾಸ್ವಾತಿಯೆಂದೂ ಕರೆಯುವ ಆಚಾರ್ಯರ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು, ಕುದುರೆಗಳ ಕಾಲದಲ್ಲಿ ಹೇಳಿದ ಈ ಐದು ಮಾತುಗಳು ಇಂದಿನ ಮೊಟ್ಟೆ ಉದ್ಯಮದ ವರದಿಯಂತೆಯೇ ಓದಿಸಿಕೊಳ್ಳುತ್ತವೆ. ತಂತಿಯ ಪಂಜರದಲ್ಲಿ ಕೋಳಿಯೊಂದಕ್ಕೆ ದೊರೆಯುವ ಜಾಗ ಎಷ್ಟು? ಭಾರತ ಸರ್ಕಾರದ 2023ರ ನಿಯಮಗಳು ಅದನ್ನು 550 ಚದರ ಸೆಂಟಿಮೀಟರಿಗೆ ಏರಿಸಿದವು; ಬೆರಳಚ್ಚು ಮಾಡುವ ಎ-4 ಕಾಗದದ ಒಂದು ಹಾಳೆಯೇ 620 ಚದರ ಸೆಂಟಿಮೀಟರಿಗಿಂತ ಹೆಚ್ಚಿದೆ. ಇದು ಬಂಧ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಬಾರದೆಂದು ಮರಿಯಾಗಿದ್ದಾಗಲೇ ಕೊಕ್ಕಿನ ತುದಿಯನ್ನು ಸುಟ್ಟು ಕತ್ತರಿಸುವುದು ಛೇದ. ಕಾಡುಕೋಳಿಯು ವರ್ಷಕ್ಕೆ ಒಂದೆರಡು ಕಾವಿಗಾಗುವಷ್ಟು ಮಾತ್ರ ಮೊಟ್ಟೆಯಿಡುತ್ತದೆ; ಅದೇ ಕುಲದಿಂದ ಬಂದ ಫಾರಂ ಕೋಳಿಯಿಂದ ವರ್ಷಕ್ಕೆ 300ರಷ್ಟು ಮೊಟ್ಟೆ ತೆಗೆಯಲಾಗುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣವನ್ನು ತನ್ನ ಎಲುಬಿನಿಂದಲೇ ಕೊಟ್ಟು ಆ ದೇಹ ಸವೆಯುತ್ತದೆ. ಬೆನ್ನ ಮೇಲೆ ಹೊರಿಸಿದರೆ ಮಾತ್ರ ಅತಿಭಾರವೆ? ಇನ್ನು ಮೊಟ್ಟೆಯಿಡುವುದು ಕುಗ್ಗಿದಾಗ ಮೇವು ನಿಲ್ಲಿಸಿ ಪುಕ್ಕ ಉದುರಿಸುವ ಪದ್ಧತಿಗೆ ಅನ್ನಪಾನನಿರೋಧವೆಂಬ ಹೆಸರನ್ನು ಆಚಾರ್ಯರು ಮೊದಲೇ ಇಟ್ಟಿದ್ದಾರೆ.

ಹಿತ್ತಲ ಕೋಳಿಯ ಸ್ಥಿತಿ ಇದಲ್ಲ, ಅದು ಸ್ವತಂತ್ರವಾಗಿ ತಿಪ್ಪೆ ಕೆದಕಿಕೊಂಡಿರುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹವ್ಯಾಸಕ್ಕಾಗಿ ತರುವ ಹೇಂಟೆಗಳು ಬರುವುದೆಲ್ಲಿಂದ? ಮೊಟ್ಟೆತಳಿಯ ಮರಿಕೇಂದ್ರಗಳಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಹುಟ್ಟಿದ ದಿನವೇ ಅವುಗಳನ್ನು ಕೊಲ್ಲುವುದು ಲೋಕದ ಉದ್ದಗಲಕ್ಕೂ ನಡೆದುಬಂದ ರೂಢಿ. ಜರ್ಮನಿಯು 2022ರ ಆರಂಭದಿಂದ ಅದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ತೋಟದ ಗೂಡಿನಲ್ಲಿ ಆರು ಹೇಂಟೆಗಳು ಸುಖವಾಗಿರುವಾಗ ಅವುಗಳ ಸೋದರರು ಎಲ್ಲಿ ಹೋದರೆಂಬ ಪ್ರಶ್ನೆಗೆ ಬಣ್ಣದ ಪೆಟ್ಟಿಗೆಯು ಉತ್ತರ ಕೊಡದು.

ಈ ಪೆಟ್ಟಿಗೆಯ ಆಯ್ಕೆಯಲ್ಲಿಯೇ ಸಾಕುವವನ ಭಾವ ಬಯಲಾಗುತ್ತದೆ. ಮೊಟ್ಟೆಯಿಡುವ ಹೊತ್ತು ಹತ್ತಿರವಾದಂತೆ ಕೋಳಿಯ ನಡೆ ಬದಲಾಗುತ್ತದೆ. ಅದು ಗುಂಪನ್ನು ಬಿಟ್ಟು ಮೂಲೆ ಮೂಲೆಯನ್ನು ಇಣುಕುತ್ತದೆ, ಒಂದು ಬಗೆಯ ದೀರ್ಘಸ್ವರದಲ್ಲಿ ನರಳುತ್ತದೆ, ಕೊನೆಗೆ ಕತ್ತಲಿರುವ ಒಂದೆಡೆ ಕುಳಿತು ಮೈಯನ್ನು ತಿರುತಿರುಗಿಸಿ ಹುಲ್ಲಿನಲ್ಲಿ ಬಟ್ಟಲಿನಂಥ ತಗ್ಗು ಮಾಡಿಕೊಳ್ಳುತ್ತದೆ. ಇದನ್ನು ಯಾರೂ ಕಲಿಸಿಲ್ಲ. ಆ ಹೊತ್ತಿನಲ್ಲಿ ಗೂಡು ಸೇರಲು ಅದು ಭಾರದ ಬಾಗಿಲನ್ನೂ ತಳ್ಳುತ್ತದೆಂದು ಪ್ರಾಣಿಗಳ ನಡವಳಿಕೆಯನ್ನು ಪರೀಕ್ಷಿಸಿದವರು ತೋರಿಸಿದ್ದಾರೆ. ಕಾವು ಕೂರುವ ಗುಣವನ್ನು ಕಳೆದುಕೊಂಡ ಫಾರಂ ತಳಿಗಳಲ್ಲಿಯೂ ಗೂಡಿನ ಹಂಬಲ ಅಳಿದಿಲ್ಲ. ಯೂರೋಪಿನ ಒಕ್ಕೂಟವು ಬರಿಯ ತಂತಿಪಂಜರಗಳನ್ನು 2012ರಿಂದ ನಿಷೇಧಿಸಿ, ಮೊಟ್ಟೆಯಿಡುವ ಪ್ರತಿ ಕೋಳಿಗೂ ಗೂಡು ದೊರೆಯಲೇಬೇಕೆಂದು ವಿಧಿಸಿದ್ದು ಈ ಕಾರಣದಿಂದ. ಮಾಂಸ ತಿನ್ನುವ ಜನ ಇಷ್ಟನ್ನು ಗಮನಿಸಿದ್ದಾರೆ.

ಈ ಭಾಗದ ಒಕ್ಕಲು ಮನೆಗಳಲ್ಲಿ ಹಿಂದಿನಿಂದಲೂ ಇದ್ದುದು ಬಿದಿರಿನ ಮಂಕರಿ. ತಳಕ್ಕೆ ಒಂದಿಷ್ಟು ಭತ್ತದ ಹುಲ್ಲು, ಜಗಲಿಯ ಕತ್ತಲ ಮೂಲೆ, ಅಷ್ಟೆ. ಹೇಂಟೆ ಅಲ್ಲಿಯೇ ಮೊಟ್ಟೆಯಿಟ್ಟು ಅಲ್ಲಿಯೇ 21 ದಿನ ಕಾವು ಕೂರುತ್ತಿತ್ತು. ಈಗ ಮಾರಾಟಕ್ಕಿರುವ ಪೆಟ್ಟಿಗೆಗಳಲ್ಲಿ ಬಹಳ ಪ್ರಶಂಸೆಗೆ ಪಾತ್ರವಾಗಿರುವುದು ಜಾರುತಳದ್ದು. ಅದರ ತಳ ಇಳಿಜಾರು. ಮೊಟ್ಟೆ ಬಿದ್ದೊಡನೆ ಉರುಳಿ ಹಲಗೆಯ ಹಿಂದಿನ ಮುಚ್ಚಿದ ತೊಟ್ಟಿಗೆ ಸೇರುತ್ತದೆ. ಮೊಟ್ಟೆ ಕೊಳೆಯಾಗದು, ಒಡೆಯದು, ಕೋಳಿ ಅದನ್ನು ಕುಕ್ಕದು. ಅನುಕೂಲಗಳು ನಿಜವಾದವೇ. ಆದರೆ ಕೋಳಿ ಎದ್ದು ಹಿಂತಿರುಗಿ ನೋಡಿದಾಗ ಅಲ್ಲಿ ಏನೂ ಇರುವುದಿಲ್ಲ. ಕೋಳಿಗೆ ಗೂಡಿನಂತೆ ಕಾಣುವ, ಒಡೆಯನಿಗೆ ಹುಂಡಿಯಂತೆ ಒದಗುವ ವಸ್ತು ಅದು. ಅಂಥದನ್ನು ಕೊಂಡು ತಂದು ‘ಕೋಳಿಯ ಸುಖಕ್ಕಾಗಿ’ ಎನ್ನುವುದು ಹಿಂಸೆಯ ಜೊತೆಗೆ ಮೃಷೆಯನ್ನೂ ಸೇರಿಸಿಕೊಂಡಂತೆ.

ಇಷ್ಟು ಹೇಳಿ ಹೊಸ ಹವ್ಯಾಸಿಗಳನ್ನು ಮಾತ್ರ ದೂರಿದರೆ ಅದು ಅರ್ಧ ನ್ಯಾಯ. ಮೊಟ್ಟೆಯನ್ನು ಎಂದೂ ಮುಟ್ಟದ ಸಮಾಜವು ತನ್ನ ವಿರೋಧವನ್ನು ಎಲ್ಲಿ ತೋರಿಸಿದೆಯೆಂಬುದನ್ನೂ ನೋಡಬೇಕು. ಕರ್ನಾಟಕ ಸರ್ಕಾರವು 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲಾ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರೊಂದಿಗೆ ಜೈನ ಸಮಾಜದ ಕೆಲವರೂ ದನಿಯೆತ್ತಿದರು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು. ಬೇಡವೆಂದವರಿಗೆ ಆಗ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಕೊಡಲಾಗುತ್ತಿತ್ತು. ಆ ವಿರೋಧದ ಮಾತುಗಳಲ್ಲಿ ಶಾಲೆಯ ಪಂಕ್ತಿ, ಮಕ್ಕಳ ಸಂಸ್ಕಾರ, ಸಮುದಾಯದ ಭಾವನೆ ಎಲ್ಲವೂ ಇದ್ದವು. ಪಂಜರದೊಳಗಿನ ಕೋಳಿ ಬಹುಮಟ್ಟಿಗೆ ಇರಲಿಲ್ಲ. ಕೋಟೆಯ ಹಾಡಿಯಿಂದ ಬರಿಹೊಟ್ಟೆಯಲ್ಲಿ ಶಾಲೆಗೆ ಬರುವ ಮಗುವಿನ ಎಲೆಯ ಕಡೆಗೆ ಬೆರಳು ತೋರುವುದು ಸುಲಭ. ಆ ಮಗುವಿಗೆ ಅಷ್ಟೇ ಪುಷ್ಟಿಯ ಹಾಲು, ಬೇಳೆ, ಕಡಲೆಕಾಯಿಯನ್ನು ವರ್ಷವಿಡೀ ಒದಗಿಸಲು ಯಾವ ಬಸದಿಯ ಭಂಡಾರ ಮುಂದೆ ಬಂದಿತು? ಆ ಖರ್ಚನ್ನು ಹೊರಲೊಲ್ಲದವರು ಆ ಎಲೆಯ ಬಗ್ಗೆ ಸುಮ್ಮನಿರುವುದೇ ಲೇಸು. ಪಂಜರದ ಬಗ್ಗೆ ಮಾತ್ರ ಸುಮ್ಮನಿರುವಂತಿಲ್ಲ.

ಜೀವದಯೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಕಾರ್ಯವೂ ವಿಮರ್ಶೆಗೆ ಒಳಗಾಗಬೇಕು. ಪರ್ಯೂಷಣ, ಮಹಾವೀರ ಜಯಂತಿಗಳಲ್ಲಿ ಕಸಾಯಿಯಿಂದ ಪ್ರಾಣಿಗಳನ್ನು ಬಿಡಿಸಿ ತರುವುದು ಪುಣ್ಯಕಾರ್ಯವೆಂದು ರೂಢಿಯಲ್ಲಿದೆ. ಕೋಳಿಗಳನ್ನೂ ಹೀಗೆ ಕೊಂಡು ಬಿಡುವುದುಂಟು. ಬಿಡುವುದು ಎಲ್ಲಿಗೆ? ಪಂಜರದಲ್ಲಿಯೇ ಬೆಳೆದು ಒಂದೂವರೆ ಎರಡು ವರ್ಷಕ್ಕೆ ಕಸಾಯಿಗೆ ಬಂದ ಹೇಂಟೆಗೆ ಕೊಂಬೆ ಹತ್ತಲು ಬರದು, ಮುಂಗುಸಿಯ ಪರಿಚಯವಿಲ್ಲ. ಗೋಶಾಲೆಯ ಬಯಲಿನಲ್ಲಿ ಅದನ್ನು ಬಿಟ್ಟು ಛಾಯಾಚಿತ್ರ ತೆಗೆಸಿಕೊಂಡು ಹಿಂತಿರುಗಿದರೆ ಬೆಳಗಿನೊಳಗೆ ನಾಯಿ ಬೆಕ್ಕುಗಳು ಉಳಿದ ಕೆಲಸ ಮುಗಿಸುತ್ತವೆ. ಅಂಥ ಹೇಂಟೆ ಸರಿಯಾದ ಆಶ್ರಯ ಸಿಕ್ಕರೆ ಇನ್ನೂ ಹಲವು ವರ್ಷ ಬಾಳಬಲ್ಲದು. ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳಿಗೆಂದೇ ಧರ್ಮಾಸ್ಪತ್ರೆ ನಡೆಸುತ್ತಿರುವ ಸಮಾಜ ಇದೇ ಅಲ್ಲವೆ? ಮೈಸೂರಿನಲ್ಲಿಯೂ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಪಿಂಜರಾಪೋಲ್ ಇದೆ. ಮಾದರಿ ದೂರವಿಲ್ಲ.

ಹಾಗೆ ಆಶ್ರಯ ಕೊಡುವ ಟ್ರಸ್ಟಿಗೆ ಗೂಡಿನ ಪೆಟ್ಟಿಗೆಯ ಆಯ್ಕೆ ಹವ್ಯಾಸವಲ್ಲ, ಯತ್ನಾಚಾರದ ಒಂದು ಭಾಗ. ನಾಲ್ಕೈದು ಹೇಂಟೆಗಳಿಗೆ ಒಂದರಂತೆ, ಉದ್ದ ಅಗಲ ಎತ್ತರ ಒಂದೊಂದು ಅಡಿಗೆ ಕಡಿಮೆಯಿಲ್ಲದ ಪೆಟ್ಟಿಗೆ ಸಾಕು. ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಆದರೆ ರಾತ್ರಿ ಕೂರುವ ಅಡ್ಡಗೋಲಿಗಿಂತ ಕೆಳಗಿರಲಿ. ಇಲ್ಲವಾದರೆ ಎತ್ತರವನ್ನೇ ಬಯಸುವ ಕೋಳಿ ಪೆಟ್ಟಿಗೆಯಲ್ಲಿಯೇ ಮಲಗಿ ಗಲೀಜು ಮಾಡುತ್ತದೆ. ಮುಂಬದಿಗೆ ನಾಲ್ಕು ಅಂಗುಲದ ಪಟ್ಟಿ ಇದ್ದರೆ ಹುಲ್ಲು ಚೆಲ್ಲದು. ತಂತಿಯ ತಳ ಬೇಡ, ಜಾರುತಳವಂತೂ ಬೇಡವೇ ಬೇಡ. ಹೇನಿನ ವಿಚಾರದಲ್ಲಿ ಜೈನ ಸಾಕಣೆಗಾರನಿಗೆ ಇತರರಿಗಿಲ್ಲದ ಒಂದು ತೊಡಕಿದೆ. ಸಂದುಗೊಂದುಗಳುಳ್ಳ ಒರಟು ಹಲಗೆಯ ಪೆಟ್ಟಿಗೆಯಲ್ಲಿ ಕೆಂಪುಹೇನು ನೆಲೆಯೂರಿದರೆ ಮತ್ತೆ ಔಷಧಿ ಹೊಡೆಯದೆ ಗತಿಯಿಲ್ಲ. ಅಂದರೆ ಒಂದು ಜೀವದ ರಕ್ಷಣೆಗೆ ಸಾವಿರ ಜೀವಗಳ ಹನನ. ಹೇನು ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ. ನುಣುಪಾಗಿ ಕೀಸಿದ ಹಲಗೆಯದೋ ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನದೋ, ಸುಲಭವಾಗಿ ಕಳಚಿ ತೊಳೆಯಬಹುದಾದ ಪೆಟ್ಟಿಗೆಯನ್ನೇ ಆರಿಸಬೇಕು. ಹುಲ್ಲನ್ನು ವಾರಕ್ಕೊಮ್ಮೆ ಬದಲಿಸಬೇಕು. ಅಂದವಾದ ಮರದ ಪೆಟ್ಟಿಗೆಗಿಂತ ಹಳೆಯ ಕ್ರೇಟು ಇಲ್ಲಿ ಹೆಚ್ಚು ಧಾರ್ಮಿಕ.

ಉಳಿದ ಪ್ರಶ್ನೆ ಟ್ರಸ್ಟಿಗಳನ್ನು ಬೆಚ್ಚಿಬೀಳಿಸುವಂಥದು. ಬಿಡಿಸಿ ತಂದ ಹೇಂಟೆ ಧರ್ಮಭೂಮಿಯಲ್ಲಿಯೂ ಮೊಟ್ಟೆಯಿಡುತ್ತದೆ. ಈ ಮುಜುಗರಕ್ಕೆ ಹೆದರಿಯೇ ಅನೇಕ ಕಡೆ ಕೋಳಿಯೊಂದನ್ನು ಬಿಟ್ಟು ಉಳಿದೆಲ್ಲ ಪ್ರಾಣಿಗಳಿಗೆ ಬಾಗಿಲು ತೆರೆಯಲಾಗುತ್ತದೆ. ಹುಂಜವನ್ನು ಬೇರೆ ಆವರಣದಲ್ಲಿ ಇರಿಸಿದರೆ ಸಂತಾನ ಹೆಚ್ಚುವ ಭಯವಿಲ್ಲ. ಮೊಟ್ಟೆ ಪೆಟ್ಟಿಗೆಯಲ್ಲಿಯೇ ಇರಲಿ. ಹೇಂಟೆ ಅದನ್ನು ಬಿಟ್ಟೆದ್ದ ಮೇಲೆ, ಮಾರದೆ, ಯಾರ ಅಡುಗೆಗೂ ಕೊಡದೆ, ಮರದ ಬುಡದಲ್ಲಿ ಹೂಳಿದರೆ ಸಾಕು. ಅದಕ್ಕೆ ಬೇಕಾದುದು ಒಂದು ಗುದ್ದಲಿ ಮತ್ತು ಲೋಕಾಪವಾದಕ್ಕೆ ಅಂಜದ ಒಬ್ಬ ಕಾರ್ಯದರ್ಶಿ. ಬಸದಿಯ ಜಮೀನನ್ನು ಗುತ್ತಿಗೆಗೆ ಕೊಡುವಾಗ ಮದ್ಯ ಮಾಂಸದ ಅಂಗಡಿ ಕೂಡದೆಂದು ಬರೆಸುವವರು ಪಂಜರದ ಕೋಳಿಶೆಡ್ಡೂ ಕೂಡದೆಂಬ ಒಂದು ಸಾಲನ್ನು ಸೇರಿಸಲಿ. ಗುತ್ತಿಗೆದಾರನ ಹಿತ್ತಲ ನಾಲ್ಕು ಹೇಂಟೆಗಳನ್ನು ಓಡಿಸುವ ಬದಲು ಅವುಗಳಿಗೆ ನೆರಳನ್ನೂ ಎರಡು ಮಂಕರಿಗಳನ್ನೂ ಟ್ರಸ್ಟಿನ ಖರ್ಚಿನಲ್ಲಿಯೇ ಕೊಡಿಸಲಿ. ಮುಂದಿನ ಪರ್ಯೂಷಣದಲ್ಲಿ ಕೋಳಿ ಬಿಡಿಸಲು ಹಣ ಎತ್ತುವ ಮೊದಲು ಅಡ್ಡಗೋಲು, ಪೆಟ್ಟಿಗೆ, ರಾತ್ರಿ ಮುಚ್ಚುವ ಬಾಗಿಲು ಸಿದ್ಧವಾಗಿವೆಯೆಂದು ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗಲಿ.