ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಮ್ಮ ಬೀದಿಯ ಮಕ್ಕಳಲ್ಲಿ ಬಹುಕಾಲದಿಂದ ನಡೆದು ಬಂದ ಒಂದು ಧರ್ಮವಿದೆ. ಕುಂಟೆಬಿಲ್ಲೆಗೋ ಕಣ್ಣಾಮುಚ್ಚಾಲೆಗೋ ದೊಡ್ಡ ಮಕ್ಕಳು ಸೇರಿದಾಗ, ಓಡಲಾರದ ಪುಟ್ಟ ತಂಗಿಯೊಬ್ಬಳು ತಾನೂ ಬರುತ್ತೇನೆಂದು ಹಟ ಹಿಡಿಯುತ್ತಾಳೆ. ಅವಳನ್ನು ಯಾರೂ ಅಟ್ಟುವುದಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಅವಳಿಗಾಗಿ ನಿಯಮವನ್ನು ಒಂದಿಷ್ಟು ಸಡಿಲಿಸುತ್ತಾರೆ. ಅದರಿಂದ ಆಟ ಕೆಟ್ಟಿತೆಂದು ಇದುವರೆಗೆ ಯಾವ ಮಗುವೂ ದೂರಿಲ್ಲ.

ದೊಡ್ಡವರ ಲೋಕ ಈ ಮಾತನ್ನು ತಲೆಕೆಳಗು ಮಾಡಿದೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು. ಲೆಕ್ಕವೇನೋ ಆಯಿತು. ಆದರೆ ಇಂದು ಮನೆಮನೆಯ ಮಕ್ಕಳೂ ತರುಣರೂ ಆಡುವ ವಿಡಿಯೋ ಗೇಮುಗಳ ಬಾಗಿಲಿಗೆ ಬಂದರೆ ಇವರಲ್ಲಿ ಬಹುಮಂದಿಗೆ ಒಳಗೆ ಎಡೆಯಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆಟ ಹೇಗೆ ಬಾಗಿಲು ಮುಚ್ಚುತ್ತದೆ ಎಂದು ಕೇಳುವವರು ಕೊಂಚ ಯೋಚಿಸಿ ನೋಡಬೇಕು. ಎರಡು ಕೈಗಳಲ್ಲಿ ಹಿಡಿಯುವ ಒಂದು ಕಂಟ್ರೋಲರ್. ಅದರ ಮೇಲೆ ಎರಡು ಪುಟ್ಟ ಜಾಯ್‌ಸ್ಟಿಕ್ಕುಗಳು, ಹತ್ತಾರು ಗುಂಡಿಗಳು. ಒಂದು ಕೈ ಮಾತ್ರ ಉಳ್ಳವನು ಅದನ್ನು ಹಿಡಿಯುವುದು ಹೇಗೆ? ಬಾಗಿಲು ತೆರೆಯಬೇಕಾದರೆ ಒಂದೇ ಗುಂಡಿಯನ್ನು ಕ್ಷಣಕ್ಕೆ ಐದಾರು ಬಾರಿ ಒತ್ತಬೇಕೆಂದರೆ, ಸ್ನಾಯು ಕ್ಷೀಣಿಸಿದ ಹುಡುಗ ಏನು ಮಾಡಬೇಕು? ಹಗೆಗೆ ಕೆಂಪು, ಗೆಳೆಯನಿಗೆ ಹಸಿರು ಎಂದು ಬಣ್ಣ ಬಳಿದು ಬಿಟ್ಟರೆ, ಕೆಂಪು ಹಸಿರುಗಳ ಭೇದ ಕಾಣದ ಕಣ್ಣಿಗೆ ಇಬ್ಬರೂ ಒಂದೇ. ಹಿಂದಿನಿಂದ ಬರುವ ಹೆಜ್ಜೆಯ ಸದ್ದೊಂದೇ ಅಪಾಯದ ಸೂಚನೆಯಾದರೆ ಕಿವುಡನು ಪ್ರತಿಬಾರಿಯೂ ಸಾಯಬೇಕು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ನಾವು ಸಲೀಸಾಗಿ ಆಡುತ್ತೇವೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ಅದನ್ನು ಡೊಂಕಾಗಿ ಕಟ್ಟಿದವರು ಮನುಷ್ಯರು, ಸರಿಪಡಿಸಬೇಕಾದವರೂ ಅವರೇ.

ಇಷ್ಟು ಹೇಳುತ್ತಲೇ ಆಕ್ಷೇಪಣೆಗಳು ಸಾಲುಗಟ್ಟಿ ಬರುತ್ತವೆ. ಒಂದೊಂದನ್ನೇ ವಿಚಾರಿಸೋಣ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆ?’ ಎನ್ನುವರು ಮೊದಲ ಗುಂಪಿನವರು. ಅಂಗವಿಕಲರಿಗೆ ಶಾಲೆ ಬೇಕು, ಉದ್ಯೋಗ ಬೇಕು, ಬಸ್ಸು ಹತ್ತುವ ಅನುಕೂಲ ಬೇಕು. ಆಟದ ಚಿಂತೆ ಈಗ ಏಕೆ ಎಂಬುದು ಇವರ ವಾದ. ಶಾಲೆಯೂ ಉದ್ಯೋಗವೂ ಬೇಕೆಂಬುದರಲ್ಲಿ ಯಾರಿಗೆ ಅನುಮಾನ? ಆದರೆ ಈ ನ್ಯಾಯವನ್ನು ಇವರು ತಮ್ಮ ಮಕ್ಕಳಿಗೆ ಅನ್ವಯಿಸುವುದುಂಟೆ? ಮಗನಿಗೆ ನೌಕರಿ ಸಿಗುವ ತನಕ ಕ್ರಿಕೆಟ್ ಬ್ಯಾಟು ಕೊಡಿಸುವುದಿಲ್ಲವೆಂದು ಹೇಳಿದ ತಂದೆಯನ್ನು ಯಾರಾದರೂ ಕಂಡಿದ್ದಾರೆಯೆ? ಎಲ್ಲರಿಗೂ ಆಟ ಬಾಳಿನ ಒಂದು ಭಾಗ. ಅಂಗವಿಕಲನಿಗೆ ಮಾತ್ರ ಅದು ಭೋಗ ಎಂಬ ಭಾವನೆಯೇ ಈ ಗಾದೆಯ ಹಿಂದೆ ಅಡಗಿರುವ ತಾತ್ಸಾರ.

ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ತರುಣನ ಕಥೆಯನ್ನು ಇವರು ಕೇಳಬೇಕು. 1989ರಲ್ಲಿ ಹುಟ್ಟಿದ ಅವನಿಗೆ ಡುಷೆನ್ ಎಂಬ, ಸ್ನಾಯುಗಳನ್ನು ತಿನ್ನುತ್ತ ಹೋಗುವ ರೋಗ. ಕೊನೆಗೆ ಬೆರಳುಗಳನ್ನು ಮಾತ್ರ ಒಂದಿಷ್ಟು ಆಡಿಸಬಲ್ಲವನಾಗಿದ್ದ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಐಬೆಲಿನ್ ಎಂಬ ಹೆಸರಿನಿಂದ ಅವನು ದಿನವೂ ಆಡುತ್ತಿದ್ದ. ಮಗ ಒಂಟಿಯಾಗಿ ಬದುಕು ಸವೆಸಿದನೆಂದು ತಾಯಿತಂದೆಗಳು ನೊಂದುಕೊಂಡಿದ್ದರು. 2014ರಲ್ಲಿ, 25ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಸುದ್ದಿ ತಿಳಿದೊಡನೆ ದೇಶದೇಶಗಳಿಂದ ಕಾಗದಗಳು ಬಂದವು. ತನಗೆ ಸಂಕಟದಲ್ಲಿ ಧೈರ್ಯ ಹೇಳಿದ ಗೆಳೆಯನೆಂದು ಒಬ್ಬರು, ಮುರಿದ ಮನೆಯನ್ನು ಕೂಡಿಸಿದವನೆಂದು ಇನ್ನೊಬ್ಬರು. ಅಂತ್ಯಕ್ರಿಯೆಗೂ ಕೆಲವರು ಹೊರದೇಶದಿಂದ ಬಂದರು. ಅವನ ಜೀವನವನ್ನು ಕುರಿತ ಚಲನಚಿತ್ರ 2024ರಲ್ಲಿ ತೆರೆ ಕಂಡಿತು. ಅವನ ಬೆರಳುಗಳಿಗೆ ಆ ಆಟ ಒದಗದೆ ಹೋಗಿದ್ದರೆ ಈ ಸ್ನೇಹಗಳೆಲ್ಲ ಎಲ್ಲಿರುತ್ತಿದ್ದವು? ಇಂದಿನ ಆಟವೆಂಬುದು ಹಿಂದಿನ ಅರಳಿಕಟ್ಟೆ. ಅಲ್ಲಿಗೆ ಮೆಟ್ಟಲು ಹತ್ತಲಾರದವನನ್ನು ನಾವು ಆಟದಿಂದ ಮಾತ್ರವಲ್ಲ, ಊರಿನಿಂದಲೇ ಹೊರಗಿಟ್ಟಂತೆ.

‘ಆಗಲಿ, ಆದರೆ ಇದು ಸಾಧ್ಯವೆ? ಕಣ್ಣಿಲ್ಲದವನು ತೆರೆಯ ಮೇಲಿನ ಆಟ ಆಡುವುದುಂಟೆ?’ ಎನ್ನುವುದು ಎರಡನೆಯ ಆಕ್ಷೇಪಣೆ. ಇದಕ್ಕೆ ವಾದ ಬೇಡ, ದಾಖಲೆ ಸಾಕು. 1989ರಷ್ಟು ಹಿಂದೆಯೇ ನಿಂಟೆಂಡೊ ಸಂಸ್ಥೆ ಕೈ ಬಳಸದೆ ಆಡುವ ಸಾಧನವೊಂದನ್ನು ಮಾರಿತು: ಎದೆಗೆ ಕಟ್ಟಿಕೊಂಡು, ಗದ್ದದಿಂದ ಕೋಲನ್ನು ಆಡಿಸುತ್ತ, ಕೊಳವೆಯಲ್ಲಿ ಉಸಿರನ್ನು ಊದಿ ಎಳೆದು ಆಡಬಹುದಾಗಿತ್ತು. 1997ರಲ್ಲಿ ಜಪಾನಿನ ಕೆಂಜಿ ಎನೊ ಚಿತ್ರವೇ ಇಲ್ಲದ, ಬರಿಯ ಧ್ವನಿಯಿಂದ ಆಡುವ ಆಟವೊಂದನ್ನು ರಚಿಸಿದ. 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಅಡಾಪ್ಟಿವ್ ಕಂಟ್ರೋಲರ್’ನಲ್ಲಿ ಅಂಗೈಯಗಲದ ಎರಡು ಗುಂಡಿಗಳು, ಹಿಂಬದಿಯಲ್ಲಿ 19 ತೂತುಗಳು. ಕಾಲಿನಿಂದ ತುಳಿಯುವ, ಮೊಣಕೈಯಿಂದ ತಳ್ಳುವ, ಬಾಯಿಂದ ಊದುವ ಗುಂಡಿಗಳನ್ನು ತನಗೆ ಬೇಕಾದಂತೆ ಅಲ್ಲಿ ಸಿಕ್ಕಿಸಿಕೊಳ್ಳಬಹುದು. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟದಲ್ಲಿ ಇಂಥ 60ಕ್ಕೂ ಹೆಚ್ಚು ಅನುಕೂಲಗಳಿದ್ದು, ಪೂರ್ಣ ಅಂಧರು ಯಾರ ಸಹಾಯವೂ ಇಲ್ಲದೆ ಅದನ್ನು ಕೊನೆಮುಟ್ಟ ಆಡಿದರು. 2023ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ನಲ್ಲಿ ತಿರುವು ಎಷ್ಟು ದೂರ, ಬ್ರೇಕ್ ಯಾವಾಗ ಎಂಬುದನ್ನು ಸದ್ದುಗಳೇ ಹೇಳುತ್ತವೆ, ಕಣ್ಣಿಲ್ಲದವರು ಅಲ್ಲಿ ಕಾರು ಓಡಿಸುತ್ತಾರೆ. ಮೂವತ್ತು ವರ್ಷಗಳಿಗೂ ಮೀರಿದ ಸಾಕ್ಷ್ಯವಿರುವಾಗ ‘ಆಗದು’ ಎಂಬುದಕ್ಕೆ ‘ಮಾಡೆವು’ ಎಂಬುದಲ್ಲದೆ ಬೇರೆ ಅರ್ಥವಿಲ್ಲ.

ಮೂರನೆಯವರು ಕಲೆಯ ಪಕ್ಷಪಾತಿಗಳು. ಕಷ್ಟವೇ ಆಟದ ಸತ್ವ, ಅದನ್ನು ಸುಲಭಗೊಳಿಸಿದರೆ ಕರ್ತೃವಿನ ಉದ್ದೇಶ ಕೆಡುತ್ತದೆ ಎನ್ನುತ್ತಾರೆ. 2019ರಲ್ಲಿ ಜಪಾನಿನ ‘ಸೆಕಿರೊ’ ಎಂಬ ಬಲು ಕಠಿಣವಾದ ಆಟ ಹೊರಬಂದಾಗ ಈ ಜಗಳ ಲೋಕವೆಲ್ಲ ಹಬ್ಬಿತು. ಈ ವಾದದಲ್ಲಿ ಹುರುಳಿದೆ. ಆದರೆ ಅದು ಎರಡು ಬೇರೆ ಸಂಗತಿಗಳನ್ನು ಒಂದಾಗಿ ಕಲಸುತ್ತದೆ. ಕಷ್ಟ ಬೇರೆ, ಅಡ್ಡಿ ಬೇರೆ. ಚದುರಂಗದ ಕಷ್ಟವಿರುವುದು ಮುಂದಿನ ನಡೆಯನ್ನು ಯೋಚಿಸುವುದರಲ್ಲಿ, ಕಾಯಿಯನ್ನು ಕಾಣುವುದರಲ್ಲಲ್ಲ. ಅಂಧರ ಚದುರಂಗದ ಮಣೆಯಲ್ಲಿ ಕಪ್ಪು ಮನೆಗಳು ಕೊಂಚ ಎತ್ತರ. ಕಾಯಿಗಳಿಗೆ ಕೆಳಗೆ ಮೊಳೆ, ಮನೆಗೊಂದು ತೂತು. ಬೆರಳಾಡಿಸಿ ನೋಡಿ ಆಡುತ್ತಾರೆ. ಆಡುವುದು ಅದೇ ಚದುರಂಗ. ಅಂಧರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಗಿಲಕಿಯಂತೆ ಸದ್ದು ಮಾಡುವ ಗುಂಡುಗಳು. ಬೌಲರ್ ಕೈ ಕೆಳಗಿನಿಂದ ಎಸೆಯುತ್ತಾನೆ. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿಯಾಗಿದ್ದವರು ನಮ್ಮ ಕರ್ನಾಟಕದ ದೀಪಿಕಾ ಟಿ. ಸಿ. ಆ ದಿನ ಕ್ರಿಕೆಟ್ ಕೆಟ್ಟಿತೆಂದು ಯಾವ ರಸಿಕ ಕಣ್ಣೀರು ಹಾಕಿದ? ನಮ್ಮ ಅಜ್ಜಿಯರ ಅಳಗುಳಿಮಣೆಗೆ ಬದಲಾವಣೆಯೂ ಬೇಡ; ಗುಳಿಯನ್ನೂ ಹುಣಿಸೆಬೀಜವನ್ನೂ ಬೆರಳೇ ಎಣಿಸುತ್ತದೆ.

ಕರ್ತೃವಿನ ಉದ್ದೇಶವೆಂದು ಹೇಳುವವರಿಗೆ ಇನ್ನೊಂದು ನಿದರ್ಶನ. 2018ರ ‘ಸೆಲೆಸ್ಟ್’ ಬೆಟ್ಟ ಹತ್ತುವ ಹುಡುಗಿಯ ಆಟ, ಕಷ್ಟಕ್ಕೆ ಹೆಸರಾದದ್ದು. ಅದರ ಕರ್ತೃಗಳು ಅದರಲ್ಲೇ ಒಂದು ಸಹಾಯದ ಏರ್ಪಾಡನ್ನು ಇಟ್ಟರು. ಬೇಕಾದವರು ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು, ದಣಿವಾಗದಂತೆ ಮಾಡಿಕೊಳ್ಳಬಹುದು. ಬೇಡದವರು ಅದನ್ನು ಮುಟ್ಟಬೇಕಾಗಿಲ್ಲ. ಆ ವರ್ಷ ಅತ್ಯುತ್ತಮ ಸ್ವತಂತ್ರ ಆಟವೆಂಬ ಗೇಮ್ ಅವಾರ್ಡ್ಸ್ ಬಹುಮಾನ ಅದಕ್ಕೇ ಬಂತು. ಪಕ್ಕದವನ ತಟ್ಟೆಗೆ ಖಾರ ಕಡಿಮೆ ಬಡಿಸಿದರೆ ನಮ್ಮ ಸಾರಿನ ರುಚಿ ಕೆಡುವುದಿಲ್ಲ.

ಕೊನೆಗೆ ಬರುವವರು ವ್ಯಾಪಾರಸ್ಥರು. ಕೆಲವೇ ಜನಕ್ಕಾಗಿ ಇಷ್ಟು ಖರ್ಚು ಕಟ್ಟುವುದೆ ಎಂಬುದು ಇವರ ಪ್ರಶ್ನೆ. ಕೆಲವೇ ಜನ! ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ ಲೋಕದ ಜನರಲ್ಲಿ ಆರರಲ್ಲೊಬ್ಬರಿಗೆ ಗಣನೀಯವಾದ ಅಂಗವೈಕಲ್ಯವಿದೆ. ಮೇಲಾಗಿ ಅವರಿಗೆಂದು ಮಾಡಿದ್ದು ಅವರಲ್ಲಿಯೇ ನಿಲ್ಲುವುದಿಲ್ಲ. ಯೂಬಿಸಾಫ್ಟ್ ಸಂಸ್ಥೆಯ 2017ರ ಒಂದು ಆಟದಲ್ಲಿ ಮಾತುಗಳ ಅಡಿಬರಹವನ್ನು ಬೇಕಾದವರು ಹಾಕಿಕೊಳ್ಳಬೇಕಾಗಿತ್ತು. ನೂರಕ್ಕೆ 60 ಜನ ಹುಡುಕಿ ಹಾಕಿಕೊಂಡರು. ಮರುವರ್ಷದ ಆಟದಲ್ಲಿ ಅದನ್ನು ಮೊದಲೇ ಹಾಕಿಟ್ಟರು. ನೂರಕ್ಕೆ 95 ಜನ ಅದನ್ನು ತೆಗೆಯಲೇ ಇಲ್ಲ. ಇವರೆಲ್ಲ ಕಿವುಡರೆ? ಕೂಸನ್ನು ಮಲಗಿಸಿದ ತಾಯಿ, ಆ ಭಾಷೆಯಲ್ಲಿ ಪಳಗದವನು, ಗದ್ದಲದ ಮನೆಯವನು ಎಲ್ಲರಿಗೂ ಅದು ಒದಗುತ್ತದೆ. ಇನ್ನು ಖರ್ಚಿನ ಮಾತು. ಮನೆ ಕಟ್ಟಿ ಗೃಹಪ್ರವೇಶ ಮುಗಿದ ಮೇಲೆ ಗೋಡೆ ಒಡೆದು ಬಾಗಿಲಿಟ್ಟರೆ ಖರ್ಚಾಗದೆ ಏನು? ಪಾಯ ಹಾಕುವಾಗಲೇ ನಕ್ಷೆಯಲ್ಲಿ ಬಾಗಿಲು ಇರಬೇಕು. ಗುಂಡಿಗಳ ಕೆಲಸವನ್ನು ಆಡುವವನೇ ಅದಲುಬದಲು ಮಾಡಿಕೊಳ್ಳುವಂತೆ, ಪದೇ ಪದೇ ಒತ್ತುವ ಬದಲು ಒಮ್ಮೆ ಒತ್ತಿ ಹಿಡಿದರೆ ಸಾಕಾಗುವಂತೆ, ಬಣ್ಣದ ಜೊತೆ ಆಕಾರವೂ ಗುರುತಾಗುವಂತೆ, ಅಕ್ಷರ ದೊಡ್ಡದಾಗುವಂತೆ ಮೊದಲೇ ಯೋಚಿಸಿದರೆ ಹೊರೆ ಹಗುರ.

ಆದರೂ ದೊಡ್ಡ ಸಂಸ್ಥೆಗಳನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮೈಕ್ರೋಸಾಫ್ಟಿನ ಆ ಸಾಧನವನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ ಸುಮಾರು 100 ಡಾಲರ್. ಸಿಕ್ಕಿಸುವ ಗುಂಡಿಗಳ ಬೆಲೆ ಬೇರೆ. ನಮ್ಮ ಮಧ್ಯಮ ವರ್ಗದ ಮನೆಗೇ ಇದು ಭಾರ. ಅಂಧರಿಗೆ ಓದಿ ಹೇಳುವ ದನಿ ‘ದಿ ಲಾಸ್ಟ್ ಆಫ್ ಅಸ್’ನಲ್ಲಿದೆ, ಕನ್ನಡದಲ್ಲಿಲ್ಲ. ಕನ್ನಡ ಓದುವ ದನಿ ಇಂದು ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಉಂಟು. ಆದುದರಿಂದ ಕೊರತೆ ತಂತ್ರದ್ದಲ್ಲ, ಮನಸ್ಸಿನದು.

ನಮ್ಮ ಸರ್ಕಾರದ ಮಾತೇನು? ಹೆಸರಿಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಅಂಗವಿಕಲರೆಂದೆವು, ವಿಕಲಚೇತನರೆಂದೆವು, ವಿಶೇಷಚೇತನರೆಂದೆವು, ದಿವ್ಯಾಂಗರೆಂದೆವು. ಹೆಸರು ಬದಲಾಯಿಸುವುದು ಖರ್ಚಿಲ್ಲದ ಉಪಕಾರ. ಕಾನೂನಿಗೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣ ಮನೋರಂಜನೆಯಲ್ಲಿ ಸಮನಾಗಿ ಪಾಲ್ಗೊಳ್ಳುವುದು ಹಕ್ಕೆಂದು ಹೇಳಿ, ಅದಕ್ಕೆ ಬೇಕಾದ ತಂತ್ರವನ್ನೂ ಸಾಧನಗಳನ್ನೂ ಬೆಳೆಸಬೇಕೆನ್ನುತ್ತದೆ. 42ನೆಯ ಪ್ರಕರಣ ದಿನಬಳಕೆಯ ಎಲೆಕ್ಟ್ರಾನಿಕ್ ಸಾಮಗ್ರಿಗಳು ಎಲ್ಲರಿಗೂ ಒದಗುವ ವಿನ್ಯಾಸದಲ್ಲಿರಬೇಕೆನ್ನುತ್ತದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಇಂಥ ಅನುಕೂಲಗಳು ಬರಿಯ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳು ಬೇಕೆಂದು ತೀರ್ಪಿತ್ತಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾನೂನನ್ನು ಮಾಡಿ ಹಣದಾಟವನ್ನು ನಿಷೇಧಿಸಿತು, ಇ-ಕ್ರೀಡೆಯನ್ನು ಪ್ರೋತ್ಸಾಹಿಸುವೆನೆಂದಿತು. ಒಳ್ಳೆಯದು. ಅದು ಕ್ರೀಡೆಯಾದ ಮೇಲೆ, ಕ್ರೀಡೆಯಲ್ಲಿ ಅಂಗವಿಕಲರ ಪಾಲನ್ನು ಹೇಳುವ 30ನೆಯ ಪ್ರಕರಣ ಅದಕ್ಕೂ ಅನ್ವಯಿಸಬೇಡವೆ?

ಅಮೆರಿಕದಲ್ಲಿ 2010ರ ಕಾನೂನೊಂದು, ಆಟಗಾರರು ಪರಸ್ಪರ ಮಾತಾಡುವ ಸೌಕರ್ಯ ಅಂಗವಿಕಲರಿಗೂ ಒದಗಬೇಕೆಂದು ವಿಧಿಸಿದೆ. ಆಟದ ಉದ್ಯಮ ವರ್ಷದ ಮೇಲೆ ವರ್ಷ ವಿನಾಯಿತಿ ಪಡೆಯುತ್ತ ಬಂತು; 2018ರ ಡಿಸೆಂಬರ್ 31ಕ್ಕೆ ಆ ವಿನಾಯಿತಿ ಮುಗಿಯಿತು. ಕಡ್ಡಾಯವಾದೊಡನೆ ‘ಆಗದು’ ಎಂಬುದು ‘ಆದೀತು’ ಆಯಿತು. ಒಲ್ಲದವರಿಗೆ ಕಾನೂನಿಗಿಂತ ಒಳ್ಳೆಯ ಮೇಷ್ಟರಿಲ್ಲ.

ಇದು ದೂರದ ಸಂಗತಿಯೇನೂ ಅಲ್ಲ. ಭಾರತದ ಅತ್ಯಂತ ಹಳೆಯ ಗೇಮ್ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಸಂಸ್ಥೆಯ ಕೆಲಸಶಾಲೆಯೂ ಇಲ್ಲಿದೆ. ಈ ಉದ್ಯಮಕ್ಕೆಂದೇ ನಮ್ಮ ರಾಜ್ಯ 2024ರಿಂದ 2029ರವರೆಗಿನ ನೀತಿಯೊಂದನ್ನು ಮಾಡಿದೆ. ಹೀಗಿರುವಾಗ ನಮ್ಮ ಬೇಡಿಕೆ ಮೂರೇ. ಸಾರ್ವಜನಿಕರ ಹಣದಿಂದ ನೆರವು ಪಡೆಯುವ ಪ್ರತಿಯೊಂದು ಆಟದಲ್ಲಿಯೂ ಈ ಅನುಕೂಲಗಳು ಇರಲೇಬೇಕೆಂಬ ಷರತ್ತು ಹಾಕಲಿ. ಆಟ ಸಿದ್ಧವಾಗುವಾಗಲೇ ಅಂಗವಿಕಲ ಆಟಗಾರರನ್ನು ಕೂಲಿ ಕೊಟ್ಟು ಕರೆಸಿ ಪರೀಕ್ಷೆ ಮಾಡಿಸಲಿ. ಅವರ ಅನುಭವವನ್ನು ಧರ್ಮಕ್ಕೆ ಕೇಳುವುದು ಬೇಡ. ಯಾವ ಆಟದಲ್ಲಿ ಏನೇನು ಅನುಕೂಲವಿದೆ ಎಂಬುದನ್ನು ಕೊಳ್ಳುವ ಮುಂಚೆಯೇ ಕಾಣುವಂತೆ ಬರೆಯಲಿ. 2025ರಲ್ಲಿ ಹಲವು ದೊಡ್ಡ ಸಂಸ್ಥೆಗಳು ಕೂಡಿ ಇದಕ್ಕಾಗಿ 24 ಗುರುತುಗಳನ್ನು ಗೊತ್ತುಮಾಡಿವೆ, ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ.

ಓದುಗರಿಂದಲೂ ಒಂದು ಕೆಲಸವಾಗಬೇಕು. ಮುಂದಿನ ಸಲ ಮಕ್ಕಳಿಗೆ ಆಟ ಕೊಡಿಸುವಾಗ, ಪಕ್ಕದ ಮನೆಯ ಗಾಲಿಕುರ್ಚಿಯ ಹುಡುಗನೂ ಇದನ್ನು ಆಡಬಲ್ಲನೇ ಎಂದು ಅಂಗಡಿಯವನನ್ನು ಕೇಳಿರಿ. ನೂರು ಜನ ಕೇಳಿದ ಪ್ರಶ್ನೆ ವ್ಯಾಪಾರಸ್ಥನ ಕಿವಿಗೆ ಬೀಳದೆ ಇರದು. ಅಂಗವಿಕಲರು ಗೆಲುವನ್ನು ಬೇಡುತ್ತಿಲ್ಲ, ರಿಯಾಯಿತಿಯ ಅಂಕಗಳನ್ನೂ ಬೇಡುತ್ತಿಲ್ಲ. ಆಡಿ ಸೋಲಲು ಅವರು ಸಿದ್ಧರಿದ್ದಾರೆ. ಆಡುವ ಮೊದಲೇ ಅವರನ್ನು ಸೋಲಿಸುವ ಈ ಅನ್ಯಾಯ ನಿಲ್ಲಬೇಕು.